ಆರು ಗಂಟೆಯ ಕೆಳಗಿನ ಎರಡು ಪದ

ರಿಪೇರಿ ಅಂಗಡಿಯ ಹಿರಿಯರು ನನ್ನ ವಾಚಿನ ಹಿಂದಿನ ಮುಚ್ಚಳ ತೆಗೆದು ಒಳಗೆ ಇಣುಕಿದರು. ಆಮೇಲೆ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ ಕೇಳಿದರು. "ಸ್ವಿಸ್ ವಾಚ್ ಅಂತ ಕೊಟ್ರಾ ನಿಮಗೆ?"

ಹೌದು ಅಂದೆ. ಅಂಗಡಿಯವರು ಮತ್ತೆ ಮತ್ತೆ ಹಾಗೇ ಹೇಳಿದ್ದರು. ನಾಲ್ಕು ವರ್ಷ ನಾನೂ ಹಾಗೇ ನಂಬಿದ್ದೆ, ಕೇಳಿದವರಿಗೂ ಹಾಗೇ ಹೇಳಿದ್ದೆ.

"ಮೆಷಿನ್ ಸ್ವಿಸ್. ಅದು ಸುಳ್ಳಲ್ಲ. ಆದ್ರೆ ವಾಚ್ ಸ್ವಿಸ್ ಅಲ್ಲ. ಬನ್ನಿ, ನೀವೇ ನೋಡಿ." ಭೂತಗನ್ನಡಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಡಯಲ್‌ನ ತಳದಲ್ಲಿ ಆರು ಗಂಟೆಯ ಗೆರೆ. ಅದರ ಎಡಕ್ಕೊಂದು ಪದ, ಬಲಕ್ಕೊಂದು ಪದ. ಬರಿಗಣ್ಣಿಗೆ ಅದು ಅಕ್ಷರ ಅಂತಲೂ ಗೊತ್ತಾಗದಷ್ಟು ಸಣ್ಣದು. ಎಡಗಡೆ 'ಸ್ವಿಸ್' ಇತ್ತು. ಬಲಗಡೆ 'ಮೇಡ್' ಇರಲಿಲ್ಲ. ಮೂವ್‌ಮೆಂಟ್ ಅನ್ನುವುದನ್ನು ಮೊಟಕು ಮಾಡಿ 'ಮೂವ್ಟ್' ಅಂತ ಬರೆದಿತ್ತು.

ಮೂವ್‌ಮೆಂಟ್ ಅಂದರೆ ನಮ್ಮ ರಿಪೇರಿಯವರ ಮಾತಿನಲ್ಲಿ ಮೆಷಿನ್. ಮೆಷಿನ್ ಮಾತ್ರ ಸ್ವಿಟ್ಜರ್ಲೆಂಡ್‌ನದು, ಅದನ್ನು ಕೇಸಿನೊಳಗೆ ಕೂರಿಸಿ ವಾಚ್ ಮಾಡಿದ್ದು ಬೇರೆ ಎಲ್ಲೋ. ನಾನು ದುಡ್ಡು ಕೊಟ್ಟಿದ್ದು ಪೂರ್ತಿ ಸ್ವಿಸ್ ವಾಚಿಗೆ ಅಂದುಕೊಂಡು. ಡಯಲ್ ಮೇಲೆ ಬರೆದದ್ದು ನಿಜವೇ ಆಗಿತ್ತು, ಅಂಗಡಿಯವರ ಬಾಯಿಮಾತು ಮಾತ್ರ ನಿಜವಾಗಿರಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಆ ಬೇಜಾರಿನಿಂದಲೇ ಈ ಎರಡು ಪದಗಳ ಹಿಂದೆ ಬಿದ್ದೆ. ಮೊನ್ನೆ ಮೊನ್ನೆ ಇನ್ನೊಂದು ವಾಚ್ ಕೊಳ್ಳುವವರೆಗೂ ಓದುತ್ತಲೇ ಇದ್ದೆ.

ಮೊದಲು ಗೊತ್ತಾದದ್ದು ಇದು. ಸ್ವಿಟ್ಜರ್ಲೆಂಡ್‌ನಲ್ಲಿ ಇದಕ್ಕೆಂದೇ ಒಂದು ಕಾನೂನಿದೆ. ವಾಚಿನ ಮೇಲೆ ಸ್ವಿಸ್ ಹೆಸರನ್ನು ಯಾರು, ಯಾವಾಗ ಬಳಸಬಹುದು ಎಂದು ಹೇಳುವ ಈ ಆದೇಶ ಹೊರಟಿದ್ದು 1971ರ ಡಿಸೆಂಬರ್ 23ರಂದು. ಅದರ ಪ್ರಕಾರ ಬರೀ 'ಸ್ವಿಸ್' ಅಂತ ಬರೆದರೂ, 'ಸ್ವಿಸ್ ಮೇಡ್' ಅಂತ ಬರೆದರೂ ಒಂದೇ ಅರ್ಥ. 'ಸ್ವಿಸ್ ಮೂವ್‌ಮೆಂಟ್' ಅಂತ ಬರೆಯಬೇಕೆಂದರೆ ಎರಡೂ ಪದ ಒಂದೇ ಅಳತೆಯಲ್ಲಿರಬೇಕು, ಮೂವ್‌ಮೆಂಟ್ ಅನ್ನುವುದನ್ನು ಪೂರ್ತಿ ಬರೆಯಬೇಕು. ನನ್ನ ವಾಚಿನ ಮೇಲಿದ್ದ ಮೊಟಕು ಪದಕ್ಕೆ ಅಲ್ಲಿ ಜಾಗವೇ ಇಲ್ಲ.

2017ರವರೆಗೆ ಲೆಕ್ಕ ಸಡಿಲವಾಗಿತ್ತು. ಶೇಕಡಾ 50 ಸ್ವಿಸ್ ಆಗಿರಬೇಕು ಅನ್ನುವ ಲೆಕ್ಕ ಮೆಷಿನ್‌ನ ಬಿಡಿಭಾಗಗಳ ಬೆಲೆಗೆ ಮಾತ್ರ ಇತ್ತು. 2017ರ ಜನವರಿ 1ರಿಂದ ಪೂರ್ತಿ ವಾಚನ್ನು ಲೆಕ್ಕಕ್ಕೆ ತಂದರು. ಈಗ ಮೆಷಿನ್ ಸ್ವಿಸ್ ಆಗಿರಬೇಕು, ಕೇಸಿಗೆ ಕೂರಿಸುವುದು ಅಲ್ಲೇ ಆಗಬೇಕು, ಕೊನೆಯ ಪರೀಕ್ಷೆಯನ್ನು ತಯಾರಕರು ಅಲ್ಲೇ ಮಾಡಬೇಕು, ವಾಚಿನ ತಾಂತ್ರಿಕ ವಿನ್ಯಾಸವೂ ಅಲ್ಲೇ ಆಗಿರಬೇಕು. ಇದೆಲ್ಲದರ ಮೇಲೆ, ತಯಾರಿಕೆಯ ಖರ್ಚಿನಲ್ಲಿ ಕನಿಷ್ಠ ಶೇಕಡಾ 60ರಷ್ಟು ಸ್ವಿಟ್ಜರ್ಲೆಂಡ್‌ನಲ್ಲೇ ಆಗಿರಬೇಕು.

ಖರ್ಚಿನಲ್ಲಿ. ಈ ಒಂದು ಪದವನ್ನು ನಾನು ಎಷ್ಟೋ ಸಲ ಓದಿದ್ದೆ, ತಲೆಗೆ ಹೋಗಿರಲಿಲ್ಲ. ವಾಚಿನ ನೂರು ಭಾಗಗಳಲ್ಲಿ ಅರವತ್ತು ಭಾಗ ಸ್ವಿಸ್ ಅಂತ ಕಾನೂನು ಹೇಳುತ್ತಿಲ್ಲ. ನೂರು ರೂಪಾಯಿಯಲ್ಲಿ ಅರವತ್ತು ರೂಪಾಯಿ ಅಂತ ಹೇಳುತ್ತಿದೆ. ಇವೆರಡರ ನಡುವೆ ಅಜಗಜಾಂತರ ಇದೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ನನ್ನವು, ನಿಯಮ ಅವರದು. ಒಂದು ವಾಚ್ ಮಾಡಲು 200 ಫ್ರಾಂಕ್ ಖರ್ಚು ಅಂದುಕೊಳ್ಳಿ. ಅದರಲ್ಲಿ 120 ಫ್ರಾಂಕ್ ಸ್ವಿಟ್ಜರ್ಲೆಂಡ್‌ನಲ್ಲಿ ಖರ್ಚಾಗಬೇಕು. ಸ್ವಿಸ್ ಮೆಷಿನ್‌ಗೆ 70 ಹೋಯಿತು. ಜೋಡಿಸುವವರ ಕೂಲಿ, ಪರೀಕ್ಷೆ, ವಿನ್ಯಾಸದ ಖರ್ಚಿನ ಪಾಲು, ಎಲ್ಲ ಸೇರಿ 50. ಅಲ್ಲಿಗೆ 120 ಮುಗಿಯಿತು. ಅಲ್ಲಿನ ಸಂಬಳ ಎಷ್ಟು ಜಾಸ್ತಿ ಅಂತ ನಮಗೆಲ್ಲ ಗೊತ್ತು. ಹಾಗಾಗಿ ಸ್ವಲ್ಪ ಹೊತ್ತಿನ ಕೆಲಸಕ್ಕೇ ಲೆಕ್ಕದಲ್ಲಿ ದೊಡ್ಡ ಮೊತ್ತ ಸೇರುತ್ತದೆ. ಉಳಿದ 80 ಫ್ರಾಂಕ್ ಹೊರದೇಶಕ್ಕೆ ಹೋಗಬಹುದು. ಕೂಲಿ ಕಡಿಮೆ ಇರುವ ಕಡೆ 80 ಫ್ರಾಂಕ್‌ಗೆ ಏನೆಲ್ಲ ಬರುತ್ತದೆ? ಕೇಸ್, ಡಯಲ್, ಮುಳ್ಳು, ಗ್ಲಾಸ್. ಅಂದರೆ ಮೆಷಿನ್ ಬಿಟ್ಟು ನಮ್ಮ ಕಣ್ಣಿಗೆ ಕಾಣುವ ಎಲ್ಲವೂ!

ಇನ್ನೊಂದು ವಿಷಯ ಇದೆ. ಹೊರಗಿನ ಭಾಗ ಅಗ್ಗವಾದಷ್ಟೂ ಈ ಲೆಕ್ಕದಲ್ಲಿ ಅದರ ಪಾಲು ಕಡಿಮೆಯಾಗುತ್ತದೆ. ಚೀನಾದಲ್ಲಿ ಕೇಸ್ ಮಾಡಿದ ಕೆಲಸಗಾರನಿಗೆ ಕಡಿಮೆ ಕೂಲಿ ಕೊಟ್ಟಷ್ಟೂ ವಾಚ್ ಹೆಚ್ಚು ಸ್ವಿಸ್ ಆಗುತ್ತದೆ. ಇದನ್ನು ನಾನು ಕಾಗದದ ಮೇಲೆ ಬರೆದು ನೋಡಿಕೊಂಡ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಕಾನೂನು ಮಾಡಿದವರಿಗೆ ಇದು ಬೇಕಾಗಿರಲಿಕ್ಕಿಲ್ಲ. ಆದರೆ ಲೆಕ್ಕ ಹಾಗೆ ಕೆಲಸ ಮಾಡುತ್ತದೆ.

ಮೆಷಿನ್‌ಗೂ ಪ್ರತ್ಯೇಕ ನಿಯಮ ಇದೆ. ಅಲ್ಲೇ ಜೋಡಿಸಿ ಅಲ್ಲೇ ಪರೀಕ್ಷಿಸಬೇಕು, ಖರ್ಚಿನ ಶೇಕಡಾ 60 ಅಲ್ಲಿರಬೇಕು, ಜೊತೆಗೆ ಬಿಡಿಭಾಗಗಳ ಬೆಲೆಯಲ್ಲಿ ಕನಿಷ್ಠ ಅರ್ಧ ಸ್ವಿಸ್ ಆಗಿರಬೇಕು. ಅಂದರೆ ಸ್ವಿಸ್ ಮೆಷಿನ್‌ನೊಳಗೂ ಹೊರಗಿನ ಭಾಗಗಳಿಗೆ ಜಾಗ ಇದೆ. ಬೆಲ್ಟ್ ಅಂತೂ ಈ ಲೆಕ್ಕಕ್ಕೇ ಬರುವುದಿಲ್ಲ. ಅದು ಎಲ್ಲಿಂದ ಬಂದರೂ ಸರಿ.

ಸ್ವಿಟ್ಜರ್ಲೆಂಡ್‌ನಲ್ಲಿ ವಾಚ್ ಮಾಡುವವರೆಲ್ಲ ಹೀಗೇ ಮಾಡುತ್ತಾರೆ ಅಂತ ಖಂಡಿತ ಹೇಳುತ್ತಿಲ್ಲ. ತಿರುಪು ಮೊದಲುಗೊಂಡು ಡಯಲ್‌ವರೆಗೆ ಹೆಚ್ಚಿನದನ್ನು ತಮ್ಮದೇ ಕಾರ್ಖಾನೆಯಲ್ಲಿ ಮಾಡುವವರು ಅಲ್ಲಿದ್ದಾರೆ. ತೊಂದರೆ ಇರುವುದು ಬೇರೆ ಕಡೆ. ಶೇಕಡಾ 60 ದಾಟಿದವರಿಗೂ, ಶೇಕಡಾ 95 ಮುಟ್ಟಿದವರಿಗೂ 'ಸ್ವಿಸ್ ಮೇಡ್' ಅನ್ನುವ ಅವೇ ಎರಡು ಪದ. ಕೊಳ್ಳುವ ನಮಗೆ ಯಾವುದು ಯಾವುದು ಅಂತ ಗೊತ್ತಾಗುವುದು ಹೇಗೆ?

ಈ ಸಿಟ್ಟು ಅಲ್ಲಿನ ಒಂದು ಕಂಪನಿಗೇ ಬಂತು. ಎಚ್. ಮೋಸರ್ ಅಂತ. ತಮ್ಮ ವಾಚಿನಲ್ಲಿ ಶೇಕಡಾ 95ಕ್ಕಿಂತ ಜಾಸ್ತಿ ಸ್ವಿಸ್ ಇದೆ, ಹಾಗಿರುವಾಗ ಶೇಕಡಾ 60ರ ಲೇಬಲ್ ನಮಗೆ ಬೇಡ ಅಂತ 2017ರಲ್ಲಿ ಡಯಲ್ ಮೇಲಿಂದ ಆ ಎರಡು ಪದಗಳನ್ನೇ ತೆಗೆದುಬಿಟ್ಟರು. ಅಷ್ಟೇ ಅಲ್ಲ, ಜಿನೀವಾದ ವಾಚ್ ಮೇಳಕ್ಕೆ ಒಂದು ವಾಚ್ ತಂದರು. ಅದರ ಕೇಸ್ ಮಾಡಿದ್ದು ಸ್ವಿಸ್ ಚೀಸ್‌ನಿಂದ. ನಿಜವಾದ ಚೀಸ್, ವಾಶ್ರಾನ್ ಮೋಂಡೋರ್ ಅನ್ನುವ ಜಾತಿಯದು, ಅದಕ್ಕೆ ರಾಳ ಬೆರೆಸಿ ಗಟ್ಟಿ ಮಾಡಿದ್ದರು. ಬೆಲ್ಟ್ ಸ್ವಿಸ್ ಹಸುವಿನ ಚರ್ಮದ್ದು. ಬೆಲೆ 10,81,291 ಫ್ರಾಂಕ್. 1291ರ ಆಗಸ್ಟ್ 1 ಸ್ವಿಟ್ಜರ್ಲೆಂಡ್ ಹುಟ್ಟಿದ ದಿನ ಅಂತ ಅವರು ಆಚರಿಸುತ್ತಾರೆ. ಬೆಲೆಯಲ್ಲಿ ಆ ತಾರೀಖು ಅಡಗಿದೆ. ನೋಡಿದವರು ನಕ್ಕಿರಬಹುದು. ನನಗೆ ಅದರಲ್ಲಿ ಕಂಡಿದ್ದು ನೋವು. ಕಷ್ಟಪಟ್ಟು ಎಲ್ಲವನ್ನೂ ಅಲ್ಲೇ ಮಾಡುವವನಿಗೂ ಕಷ್ಟಪಡದವನಿಗೂ ಒಂದೇ ಬಿರುದು ಸಿಕ್ಕರೆ ಆಗುವ ನೋವು.

ಈ ಲೇಬಲ್‌ನ ಹಳೆಯ ಕತೆ ಓದುವಾಗ ಇನ್ನೊಂದು ಸಂಗತಿ ಸಿಕ್ಕಿತು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ವಾಲ್ತಮ್, ಎಲ್ಜಿನ್ ಕಂಪನಿಗಳು ಯಂತ್ರಗಳಿಂದ ಜೇಬಿನ ವಾಚ್ ಮಾಡಿ ಹೆಸರು ಗಳಿಸಿದ್ದವು. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನಕ್ಕೆ ಹೋದ ಸ್ವಿಸ್ ಪ್ರತಿನಿಧಿಗಳು ಅದನ್ನು ಕಂಡು ಗಾಬರಿಯಾಗಿ ಊರಿಗೆ ಬಂದು ವರದಿ ಬರೆದರು. ಆ ಕಾಲದಲ್ಲಿ ಕೆಲವು ಸ್ವಿಸ್ ತಯಾರಕರು ಅಮೆರಿಕನ್ ಹೆಸರಿನಂತೆ ಕಾಣುವ ಹೆಸರು ಕೆತ್ತಿ ನಕಲಿ ವಾಚ್ ಮಾರುತ್ತಿದ್ದರು. ಹೌದು, ಸ್ವಿಸ್ ನಕಲಿ! ಹಳೆಯ ವಾಚ್ ಸಂಗ್ರಹಿಸುವವರು ಇವತ್ತಿಗೂ ಅದನ್ನು ಹಾಗೇ ಕರೆಯುತ್ತಾರೆ. 1890ರಲ್ಲಿ ಅಮೆರಿಕ ಹೊಸ ಸುಂಕದ ಕಾನೂನು ತಂದಿತು. ಹೊರಗಿನಿಂದ ಬರುವ ಸರಕಿನ ಮೇಲೆ ಯಾವ ದೇಶದ್ದು ಅಂತ ಇಂಗ್ಲಿಷಿನಲ್ಲಿ ಬರೆಯಲೇಬೇಕು ಅಂತ. ಎಚ್ಚರಿಕೆಗಾಗಿ ಬಂದ ಗುರುತು ಮುಂದೆ ಹೆಮ್ಮೆಯ ಗುರುತಾಯಿತು. ಜಿನೀವಾದವರು ಅದಕ್ಕೂ ಮೊದಲೇ, 1886ರಲ್ಲೇ, ತಮ್ಮ ಊರಿನ ಹೆಸರಿಗೆ ಬೇಲಿ ಹಾಕಿಕೊಂಡಿದ್ದರು. ಜಿನೀವಾ ಮುದ್ರೆ ಅನ್ನುತ್ತಾರಲ್ಲ, ಅದು ಆಗಿನದು.

ಊರಿನ ಹೆಸರಿನ ವಿಷಯ ಬಂದರೆ ನನಗೆ ತುಂಬಾ ಇಷ್ಟವಾದದ್ದು ಜರ್ಮನಿಯ ಗ್ಲಾಸ್‌ಹ್ಯೂಟೆ. ಡ್ರೆಸ್ಡೆನ್ ಹತ್ತಿರದ ಸಣ್ಣ ಊರು. ಜನಸಂಖ್ಯೆ ನಮ್ಮ ಒಂದು ಹೋಬಳಿ ಊರಿನಷ್ಟು. ಗಣಿಗಳು ಬರಿದಾಗಿ ಜನ ಹೊಟ್ಟೆಗಿಲ್ಲದೆ ಕೂತಿದ್ದಾಗ, 1845ರಲ್ಲಿ ಫರ್ಡಿನಾಂಡ್ ಅಡಾಲ್ಫ್ ಲಾಂಗೆ ಸರ್ಕಾರದಿಂದ ಸಾಲ ತಂದು ಅಲ್ಲಿನ ಹುಡುಗರಿಗೆ ವಾಚ್ ಕೆಲಸ ಕಲಿಸಿದ. ಮಹಾಯುದ್ಧ ಆದಮೇಲೆ ಪೂರ್ವ ಜರ್ಮನಿಯ ಸರ್ಕಾರ ಅಲ್ಲಿನ ಕಂಪನಿಗಳನ್ನೆಲ್ಲ ವಶಕ್ಕೆ ತೆಗೆದುಕೊಂಡು ಒಂದೇ ಕಾರ್ಖಾನೆ ಮಾಡಿತು. ಬರ್ಲಿನ್ ಗೋಡೆ ಬಿದ್ದ ಮೇಲೆ, 1990ರಲ್ಲಿ, ಲಾಂಗೆಯ ಮರಿಮಗ ವಾಲ್ಟರ್ ಲಾಂಗೆ ವಾಪಸ್ ಬಂದು ಮತ್ತೆ ಶುರು ಮಾಡಿದ. ಈ ಊರಿನ ಹೆಸರನ್ನು ಡಯಲ್ ಮೇಲೆ ಬರೆಯಬೇಕೆಂದರೆ ಮೆಷಿನ್‌ನ ಮೌಲ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಊರಲ್ಲೇ ಹುಟ್ಟಿರಬೇಕು. ಬಹಳ ಕಾಲ ಇದು ರೂಢಿಯ ನಿಯಮ ಆಗಿತ್ತು. ಕೋರ್ಟು ಕಚೇರಿಯೂ ಆಯಿತು. 2022ರಲ್ಲಿ ಸರ್ಕಾರದ ಆದೇಶವೇ ಬಂತು.

ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಧಾರವಾಡ ಪೇಡ. ಊರಿನ ಹೆಸರು ಹೇಳಿದರೆ ಕೆಲಸ ಮಾಡುವವರ ಬೀದಿಯೇ ಕಣ್ಣಮುಂದೆ ಬರುತ್ತದೆ. ದೇಶದ ಹೆಸರು ಹೇಳಿದರೆ ಹಾಗೆ ಬರುವುದಿಲ್ಲ. ಜಪಾನಿನ ಗ್ರ್ಯಾಂಡ್ ಸೀಕೋದವರೂ ದೇಶಕ್ಕಿಂತ ಊರನ್ನೇ ಮುಂದೆ ಇಡುತ್ತಾರೆ. ಕೀ ಕೊಡುವ, ತಾನೇ ಸುತ್ತಿಕೊಳ್ಳುವ ವಾಚುಗಳು ಶಿಜುಕುಯಿಶಿಯಲ್ಲಿ, ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಮತ್ತು ಸ್ಪ್ರಿಂಗ್‌ನಿಂದ ಓಡಿದರೂ ಕ್ವಾರ್ಟ್ಜ್ ಹರಳಿನಿಂದ ಸಮಯ ಹಿಡಿಯುವ ಸ್ಪ್ರಿಂಗ್ ಡ್ರೈವ್ ವಾಚುಗಳು ಶಿಯೋಜಿರಿಯಲ್ಲಿ. ಆದರೆ ಡಯಲ್ ಮೇಲೆ 'ಜಪಾನ್ ಮೂವ್ಟ್' ಅಂತ ಕಂಡರೆ ನನ್ನ ಹಳೆಯ ವಾಚಿನ ಕತೆಯೇ. ಮೆಷಿನ್ ಮಾತ್ರ ಅಲ್ಲಿಯದು ಅಂತ ಓದಿಕೊಳ್ಳಬೇಕು.

ಅಮೆರಿಕದಲ್ಲಿ ಈ ವಿಷಯ ಇನ್ನೂ ಬಿಗಿ. ಅಲ್ಲಿ ಮಾಡಿದ್ದು ಅಂತ ಹೇಳಬೇಕೆಂದರೆ ಎಲ್ಲವೂ ಅಥವಾ ಹೆಚ್ಚೂಕಡಿಮೆ ಎಲ್ಲವೂ ಅಲ್ಲಿಯದೇ ಆಗಿರಬೇಕು. ಡೆಟ್ರಾಯಿಟ್‌ನ ಶಿನೋಲಾ ಕಂಪನಿಯ ಮೆಷಿನ್ ಭಾಗಗಳು ಸ್ವಿಟ್ಜರ್ಲೆಂಡ್‌ನಿಂದ ಬರುತ್ತಿದ್ದವು. 2016ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ತಕರಾರು ತೆಗೆದ ಮೇಲೆ ಕಂಪನಿ ತನ್ನ ಜಾಹೀರಾತಿನ ಮಾತನ್ನೇ ಬದಲಾಯಿಸಿತು. ಸ್ವಿಸ್ ಮತ್ತು ಆಮದು ಭಾಗಗಳಿಂದ ಡೆಟ್ರಾಯಿಟ್‌ನಲ್ಲಿ ಕಟ್ಟಿದ್ದು ಅಂತ ಬರೆಯಿತು. ಎಷ್ಟು ಚೆನ್ನಾಗಿದೆ ನೋಡಿ ಈ ವಾಕ್ಯ. ಓದಿದವರಿಗೆ ಎಲ್ಲ ಗೊತ್ತಾಗುತ್ತದೆ, ಕೆಲಸ ಮಾಡಿದ ಯಾರಿಗೂ ಅನ್ಯಾಯ ಆಗುವುದಿಲ್ಲ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಸ್ವಿಸ್ ಕಂಪನಿಗಳಿಗೆ ಡಯಲ್ ಮತ್ತು ಮುಳ್ಳು ಮಾಡಿಕೊಡುವ ಒಂದು ಭಾರತೀಯ ಕಂಪನಿ ಇದೆ, ಕೆಡಿಡಿಎಲ್. ಅವರು ಡಯಲ್ ಮಾಡುವುದು ಹಿಮಾಚಲದ ಪರ್ವಾನೂ ಕಡೆ. ಮುಳ್ಳು ಮಾಡುವುದು ಬೆಂಗಳೂರಿನಲ್ಲಿ. ಇದನ್ನು ಓದಿದ ದಿನ ನಾನು ಕುರ್ಚಿಯಿಂದ ಎದ್ದು ನಿಂತೆ. ನಾನು ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುವ ಇದೇ ಊರಿನಲ್ಲಿ ಯಾರೋ ಒಬ್ಬರು ಸ್ವಿಸ್ ವಾಚಿಗೆ ಮುಳ್ಳು ಮಾಡುತ್ತಿದ್ದಾರೆ!

ಮುಳ್ಳು ಅಂದರೆ ಸಾಮಾನ್ಯ ಕೆಲಸ ಅಲ್ಲ. ತೆಳು ಹಿತ್ತಾಳೆ ತಗಡಿನಿಂದ ಒತ್ತಿ ತೆಗೆಯಬೇಕು. ಮೇಲ್ಮೈಯನ್ನು ಕನ್ನಡಿಯಂತೆ ಉಜ್ಜಬೇಕು. ವಜ್ರದ ಮೊನೆಯಿಂದ ಅಂಚು ಕೊರೆಯಬೇಕು. ಲೇಪ ಕೊಡಬೇಕು. ಕತ್ತಲಲ್ಲಿ ಹೊಳೆಯುವ ಬಣ್ಣವನ್ನು ಗೀರಿನಂಥ ಜಾಗದಲ್ಲಿ ಉಕ್ಕದಂತೆ ತುಂಬಬೇಕು. ಒಂದು ಕೂದಲೆಳೆ ಬಾಗಿದರೂ ನಿಮಿಷದ ಮುಳ್ಳು ಗಂಟೆಯ ಮುಳ್ಳಿಗೆ ತಾಗಿ ವಾಚ್ ನಿಲ್ಲುತ್ತದೆ. ದಿನಕ್ಕೆ ಎಷ್ಟು ಸಲ ನಾವು ಕೈ ತಿರುಗಿಸಿ ನೋಡುವುದು ಆ ಮುಳ್ಳನ್ನೇ ಅಲ್ವಾ? ಅದನ್ನು ಮಾಡಿದ ಊರಿನ ಹೆಸರು ಮಾತ್ರ ವಾಚಿನ ಮೇಲೆ ಎಲ್ಲೂ ಇರುವುದಿಲ್ಲ. ಯಾವ ಬ್ರ್ಯಾಂಡಿನ ಯಾವ ವಾಚಿನಲ್ಲಿ ಅದಿದೆ ಅಂತ ಕೊಳ್ಳುವವರಿಗೆ ಹೇಳುವವರೂ ಇಲ್ಲ.

ಇಲ್ಲಿ ನನ್ನ ಮನಸ್ಸು ಬದಲಾಯಿತು. ಶುರುವಿನಲ್ಲಿ ನನ್ನ ಸಿಟ್ಟು ಹೊರಗಿನ ಭಾಗಗಳ ಮೇಲೆ ಇತ್ತು. ಹೊರಗಿನದು ಅಂದರೆ ಕಳಪೆ, ನನಗೆ ಮೋಸ ಆಗಿದೆ, ಅನ್ನುವ ಲೆಕ್ಕ. ಆ 'ಹೊರಗಿನ' ಜಾಗ ಬೆಂಗಳೂರೂ ಆಗಿರಬಹುದು ಅಂತ ಗೊತ್ತಾದ ಮೇಲೆ ಸಿಟ್ಟು ಮುಚ್ಚಿಡುವುದರ ಮೇಲೆ ತಿರುಗಿತು. ಒಳ್ಳೆ ಮುಳ್ಳು ಎಲ್ಲಿ ಮಾಡಿದರೂ ಒಳ್ಳೆ ಮುಳ್ಳೇ. ಯಾರು ಮಾಡಿದರು ಅಂತ ಹೇಳಿ, ಅಷ್ಟೇ. ಬೆಂಗಳೂರು ವಾಚ್ ಕಂಪನಿ ಅಂತ 2018ರಲ್ಲಿ ಶುರುವಾದ ನಮ್ಮದೇ ಊರಿನ ಬ್ರ್ಯಾಂಡ್ ತನ್ನ ಮೆಷಿನ್ ಸ್ವಿಸ್ ಅಂತ ಬಾಯಿಬಿಟ್ಟು ಹೇಳುತ್ತದೆ. ಅದರಿಂದ ಅವರ ಮರ್ಯಾದೆ ಏನೂ ಕಡಿಮೆ ಆಗಿಲ್ಲ.

ಅಪ್ಪನ ಎಚ್‌ಎಂಟಿ ಜನತಾ ತೆಗೆದು ನೋಡಿದ್ದು ಆಗಲೇ. ಅದಕ್ಕೆ ನಾನು ಇವತ್ತಿಗೂ ಬೆಳಿಗ್ಗೆ ಕೀ ಕೊಡುತ್ತೇನೆ. ಡಯಲ್ ಮೇಲೆ 17 ಜ್ಯುವೆಲ್ಸ್, ಪಾರಾಶಾಕ್ ಅಂತ ಇದೆ. ಪಾರಾಶಾಕ್ ಅನ್ನುವುದು ಜಪಾನಿನ ಸಿಟಿಜನ್ ಕಂಪನಿ ತನ್ನ ವಾಚುಗಳಿಗೆ ಇಟ್ಟ ಹೆಸರು. ವಾಚ್ ಕೆಳಗೆ ಬಿದ್ದರೆ ಒಳಗಿನ ಚಕ್ರದ ಅಚ್ಚು ಮುರಿಯದಂತೆ ಕಾಯುವ ಏರ್ಪಾಡು ಅದು. ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ತೆರೆದಾಗ ಕೈಹಿಡಿದು ಕಲಿಸಿದವರು ಸಿಟಿಜನ್‌ನವರು. ಆ ಮೆಷಿನ್‌ನ ಮೂಲವೂ ಅವರದೇ. ನಮ್ಮ ಮನೆಗಳಲ್ಲಿ ಇದಕ್ಕಿಂತ ದೇಶಿ ವಾಚ್ ಇನ್ನೊಂದಿಲ್ಲ ಅಂದುಕೊಂಡಿದ್ದೆವು. ಈಗಲೂ ಹಾಗೇ ಅಂದುಕೊಳ್ಳುತ್ತೇನೆ. ಕಲಿಸಿದವರ ಪದ ಅದರ ಮುಖದ ಮೇಲೆ ಇಷ್ಟು ವರ್ಷ ಹಾಗೇ ಕೂತಿರುವುದು ನನಗೆ ಖುಷಿ.

ಹೊಸ ವಾಚ್ ಕೊಳ್ಳಲು ಹೋದಾಗ ಈ ಸಲ ಮೊದಲು ಕೇಳಿದ್ದು ಡಬ್ಬಿ. ನಮ್ಮ ದೇಶಕ್ಕೆ ಆಮದಾಗುವ ಪೊಟ್ಟಣದ ಮೇಲೆ ಮೂಲ ದೇಶ, ಆಮದು ಮಾಡಿದವರ ಹೆಸರು ವಿಳಾಸ, ಎಂಆರ್‌ಪಿ ಎಲ್ಲ ಇರುವ ಚೀಟಿ ಅಂಟಿಸಲೇಬೇಕು. ಡಯಲ್ ನೋಡಿ ಮರುಳಾಗುವ ನಾವು ಆ ಬಿಳಿ ಚೀಟಿಯನ್ನು ಓದುವುದೇ ಇಲ್ಲ. ಡಯಲ್‌ನ ಮಾತಿಗೂ ಚೀಟಿಯ ಮಾತಿಗೂ ತಾಳೆ ಆಗುತ್ತದಾ ಅಂತ ದಯವಿಟ್ಟು ನೋಡಿ. ನನ್ನ ಹಳೆಯ ವಾಚಿನ ಡಬ್ಬಿಯನ್ನು ಆ ದಿನವೇ ಓದಿದ್ದರೆ ನಾಲ್ಕು ವರ್ಷ ಮುಂಚೆಯೇ ಗೊತ್ತಾಗುತ್ತಿತ್ತೇನೋ.

ಈ ಮಾತು ಈಗ ಇನ್ನೂ ಜಾಸ್ತಿ ಜನಕ್ಕೆ ಬೇಕಾಗುತ್ತದೆ. ಸ್ವಿಟ್ಜರ್ಲೆಂಡ್ ಇರುವ ಎಫ್ಟಾ ಅನ್ನುವ ಯುರೋಪಿನ ವ್ಯಾಪಾರ ಗುಂಪಿನ ಜೊತೆ ಭಾರತ 2024ರ ಮಾರ್ಚ್‌ನಲ್ಲಿ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸ್ವಿಸ್ ವಾಚುಗಳ ಮೇಲಿನ ಸುಂಕ ಏಳು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಲಿದೆ. ಕಸ್ಟಮ್ಸ್‌ನವರು ಮೂಲ ದೇಶ ಯಾವುದು ಅಂತ ನಿರ್ಧರಿಸುವುದು ಆ ಒಪ್ಪಂದದ್ದೇ ನಿಯಮದಿಂದ, ಡಯಲ್ ಮೇಲಿನ ಪದದಿಂದಲ್ಲ. ಅಂಗಡಿಯಲ್ಲಿ "ಸ್ವಿಸ್ ಸಾರ್" ಅನ್ನುವ ಮಾತು ಇನ್ನು ಮುಂದೆ ಹೆಚ್ಚಾಗಿಯೇ ಕಿವಿಗೆ ಬೀಳುತ್ತದೆ.

ಚೀಟಿ ಓದಿ ಆದಮೇಲೆ ನಾಲ್ಕು ಪ್ರಶ್ನೆ ಕೇಳಿದೆ. ಮೆಷಿನ್ ಯಾರದು? ಕೇಸ್ ಎಲ್ಲಿಯದು? ಡಯಲ್ ಎಲ್ಲಿಯದು? ಮುಳ್ಳು ಎಲ್ಲಿಯದು? ಕೌಂಟರ್‌ನಲ್ಲಿದ್ದ ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ ಅಂದರು. ಒಳಗೆ ಹೋಗಿ ಫೋನ್ ಮಾಡಿದರು, ಇಮೇಲ್ ಕಳಿಸಿದರು. ಉತ್ತರ ಬರಲು ಎಂಟು ದಿನ ಹಿಡಿಯಿತು. ಮೆಷಿನ್ ಸ್ವಿಟ್ಜರ್ಲೆಂಡ್‌ನ ಲಾ ಶೋ-ಡ-ಫೋನ್ ಊರಿನ ಸೆಲಿಟಾ ಕಂಪನಿಯವರದು. ಡಯಲ್ ಸ್ವಿಟ್ಜರ್ಲೆಂಡ್‌ನಲ್ಲೇ ಮಾಡಿದ್ದು. ಕೇಸ್ ಹೊರಗಿನದು. ನನಗೆ ಬೇಕಾಗಿದ್ದು ಆ ಡಯಲ್. ಮುಸ್ಸಂಜೆಯ ಬೂದು ನೀಲಿ ಬಣ್ಣ, ಹತ್ತಿರದಿಂದ ನೋಡಿದರೆ ನೇಯ್ದ ಬಟ್ಟೆಯಂಥ ಗೆರೆ. ಕೇಸ್ ಹೊರಗಿನದಾದರೆ ನನಗೇನೂ ತಕರಾರಿರಲಿಲ್ಲ. ಕೇಳಿದ್ದಕ್ಕೆ ನೇರವಾಗಿ ಹೇಳಿದರಲ್ಲ, ಆ ನಂಬಿಕೆಯ ಮೇಲೆ ತೆಗೆದುಕೊಂಡೆ.

ಮುಂದಿನ ಭಾನುವಾರ ಅದನ್ನು ಕಟ್ಟಿಕೊಂಡು ಅದೇ ರಿಪೇರಿ ಅಂಗಡಿಗೆ ಹೋದೆ. ಹಿರಿಯರು ವಾಚನ್ನು ಬಿಚ್ಚಿಸಿಕೊಂಡು ಭೂತಗನ್ನಡಿ ಸಿಕ್ಕಿಸಿಕೊಂಡರು. ಮೊದಲು ಆರು ಗಂಟೆಯ ಕೆಳಗೆ ನೋಡಿ ತಲೆಯಾಡಿಸಿದರು. ಆಮೇಲೆ ಬೆಳಕಿಗೆ ಹಿಡಿದು ಅತ್ತ ಇತ್ತ ವಾಲಿಸಿದರು. ತುಂಬಾ ಹೊತ್ತು ಸುಮ್ಮನಿದ್ದರು.

"ಮುಳ್ಳು ಬಹಳ ಚೆನ್ನಾಗಿ ಮಾಡಿದಾರೆ" ಅಂದರು. "ಎಲ್ಲಿದಂತೆ?"

"ಅದೊಂದಕ್ಕೆ ಉತ್ತರ ಬರಲಿಲ್ಲ" ಅಂದೆ.

ಅವರು ಇನ್ನೊಂದು ಸಲ ನೋಡಿ, ಬಟ್ಟೆಯಿಂದ ಗ್ಲಾಸ್ ಒರೆಸಿ ನನ್ನ ಕೈಗೆ ಕೊಟ್ಟರು.